ಕೇಳಿದರೆ ಹೇಳುವ ಬೋರ್ಡು

"ಇದನ್ನೇ ಕೊಡಿ" ಎಂದು ಮೋಟರ್ ಮೇಸ್ತ್ರಿ ಎಡಗಡೆಯ ಬೋರ್ಡನ್ನು ಎಲೆಕ್ಟ್ರಾನಿಕ್ಸ್ ಅಂಗಡಿಯ ಗಾಜಿನ ಮೇಜಿನ ಮೇಲೆ ಮುಂದಕ್ಕೆ ತಳ್ಳಿದ.

"ಅದು ಬೇಡ" ಎಂದಳು ಪಕ್ಕದಲ್ಲಿದ್ದ ಮಗಳು.

ಒಂದು ತಿಂಗಳಿಂದೀಚೆಗೆ ಅವಳು ಅಪ್ಪನ ಎದುರು ಬಾಯಿ ಬಿಟ್ಟಿದ್ದು ಇದೇ ಮೊದಲು. ಬಿಟ್ಟ ಬಾಯಲ್ಲಿ ಮೊದಲು ಬಂದದ್ದೇ ಬೇಡ ಎನ್ನುವ ಮಾತು. ಮೇಸ್ತ್ರಿಯ ಕಿವಿ ಬಿಸಿಯಾಯಿತು. ಹೊರಡುವಾಗ ಹೆಂಡತಿ ಚಪ್ಪಲಿಗೆ ಅಡ್ಡ ನಿಂತು ಹೇಳಿ ಕಳಿಸಿದ್ದು ನೆನಪಾಗಿ ಹಲ್ಲು ಕಚ್ಚಿಕೊಂಡ. ಇವತ್ತೂ ಅಂಗಡಿಯಲ್ಲಿ ಕೂಗಾಡಿ ಬಂದರೆ ಈ ಹುಡುಗಿ ಇನ್ನು ಜನ್ಮದಲ್ಲಿ ತಂತಿ ಮುಟ್ಟುವುದಿಲ್ಲ, ನೋಡಿಕೊಳ್ಳಿ ಅಂದಿದ್ದಳು. ಅದು ಅವನಿಗೂ ಗೊತ್ತಿತ್ತು. ತನ್ನ ಕೈಯ ಕೆಲಸ ಇಳಿದು ಬಂದಿದ್ದರೆ ಅದು ಇವಳೊಬ್ಬಳ ಬೆರಳಿಗೆ ಮಾತ್ರ.

ಮೇಜಿನ ಮೇಲಿದ್ದವು ಎರಡು ಬೋರ್ಡು. ಎರಡೂ ಅಂಗೈಯಗಲ, ಎರಡೂ ಸೋವಿ, ಎರಡಕ್ಕೂ ಒಂದೇ ಬೆಲೆ. ಒಂದೊಂದೂ ಒಂದು ಇಡೀ ಕಂಪ್ಯೂಟರಂತೆ. ಟೀವಿಗೆ ಸಿಕ್ಕಿಸಿ ಕೀಬೋರ್ಡು ಜೋಡಿಸಿಕೊಂಡರೆ ಪ್ರೋಗ್ರಾಮಿಂಗ್ ಕಲಿಯಬಹುದು. ಅಂಚಿನಲ್ಲಿ ಸಾಲಾಗಿ ನಿಂತ ಪಿನ್ನುಗಳಿಗೆ ತಂತಿ ಕೊಟ್ಟು ದೀಪ ಉರಿಸಬಹುದು, ಗಂಟೆ ಬಾರಿಸಬಹುದು. ಮೋಟರ್ ಕಾದು ಸುಟ್ಟುಹೋಗುವುದಕ್ಕೆ ಮೊದಲೇ ಕೂಗಿ ಎಚ್ಚರಿಸುವ ಒಂದು ಸಾಧನ ಮಾಡಬೇಕೆಂದು ಮಗಳ ಆಸೆ. ಅದನ್ನು ಕೇಳಿದ ತಾಯಿ, "ಮಾಡಿದ್ಮೇಲೆ ಮೊದ್ಲು ನಿಮ್ಮಪ್ಪನಿಗೆ ಕಟ್ಟು" ಅಂದಿದ್ದಳು. ಆಗ ಮನೆಯಲ್ಲಿ ನಕ್ಕವಳು ತಾಯಿಯೊಬ್ಬಳೇ.

ಅಂಗಡಿಯ ಹೆಂಗಸು ಇಬ್ಬರ ಮುಖವನ್ನೂ ನೋಡಿ ಇನ್ನೊಂದು ಸಲ ಬಿಡಿಸಿ ಹೇಳಿದಳು. ಎಡಗಡೆಯದು ಜೋರಿನದು, ಮೆಮೊರಿ ಇಮ್ಮಡಿ, ಆದರೆ ಕೊಂಡವರು ಕಡಿಮೆ. ಬಲಗಡೆಯದು ನಿಧಾನ, ಹಳೆಯದು. ಆದರೆ ಊರೂರಲ್ಲಿ ಅದನ್ನೇ ಇಟ್ಟುಕೊಂಡು ಕಲಿತವರಿದ್ದಾರೆ. ಎಲ್ಲಿ ಸಿಕ್ಕಿಹಾಕಿಕೊಂಡರೂ ಇಂಟರ್ನೆಟ್ಟಿನಲ್ಲಿ ಕೇಳಿದರೆ ಯಾರೋ ಒಬ್ಬರು ಹೇಳಿಕೊಡುತ್ತಾರೆ.

"ಒಂದೇ ದುಡ್ಡಿಗೆ ಎರಡು ಎಚ್‌ಪಿ ಮೋಟರ್ ಸಿಗೋವಾಗ ಒಂದು ಎಚ್‌ಪಿದು ಹೊತ್ಕೊಂಡು ಹೋಗೋಕೆ ನಂಗೇನು ತಲೆ ಕೆಟ್ಟಿದ್ಯಾ?" ಎಂದ ಮೇಸ್ತ್ರಿ. "ಕೆಲಸ ಕೇಳಿ ಬರಲ್ಲಮ್ಮ, ನೋಡಿ ಬರುತ್ತೆ."

ಇದು ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅವನ ವೈಂಡಿಂಗ್ ಅಂಗಡಿಯ ಕಾನೂನು. ಅಲ್ಲಿ ಯಾರೂ ಪ್ರಶ್ನೆ ಕೇಳುವಂತಿಲ್ಲ. ನಿಂತು ನೋಡಬೇಕು, ನೋಡಿ ಕಲಿಯಬೇಕು. ಅವನು ಕಲಿತದ್ದೂ ಹಾಗೆಯೇ. ಎರಡು ಸಲ ಕೇಳಿದ್ದಕ್ಕೆ ಅವನ ಗುರು ಮರದ ಸುತ್ತಿಗೆಯಿಂದ ಕೊಟ್ಟ ಏಟಿಗೆ ಬೆರಳಿನ ಗೆಣ್ಣು ಸೊಟ್ಟಗಾಗಿತ್ತು. ಅದನ್ನು ಅವನು ಬಂದವರಿಗೆಲ್ಲ ಪದಕದ ಹಾಗೆ ತೋರಿಸುತ್ತಿದ್ದ.

ಹೋದ ತಿಂಗಳು ಅದೇ ಅಂಗಡಿಯಲ್ಲಿ ಮಗಳು ಗಿರಾಕಿಯೊಬ್ಬನ ದೊಡ್ಡ ಮೋಟರ್ ಕಟ್ಟಿದ್ದಳು. ಹೊರಗೆ ಬಂದ ತಂತಿಯ ಆರು ತುದಿಗಳಲ್ಲಿ ಎರಡು ಅದಲುಬದಲಾಗಿ, ಸ್ವಿಚ್ ಹಾಕಿದ್ದೇ ತಡ ಮೋಟರ್ ಗೊರಗುಟ್ಟಿ ಹೊಗೆಯೆದ್ದಿತ್ತು. ಗಿರಾಕಿಯ ಎದುರಿಗೇ ಮೇಸ್ತ್ರಿ ಅವಳ ಕೈಯಿಂದ ಇಕ್ಕಳ ಕಿತ್ತುಕೊಂಡು, ಕಣ್ಣು ಎಲ್ಲಿಟ್ಟಿದ್ದೆ ಎಂದು ಗದರಿ, ಮೆಟ್ಟಿಲು ಇಳಿಸಿದ್ದ. ಆಮೇಲೆ ಅವಳು ಆ ಮೆಟ್ಟಿಲು ಹತ್ತಿರಲಿಲ್ಲ.

"ನಂಗೆ ಬಲಗಡೆದೇ ಸಾಕು" ಎಂದಳು ಈಗ.

"ಯಾಕೆ ಅಂತ ಬಾಯಿಬಿಟ್ಟು ಹೇಳು ಮತ್ತೆ."

ಅವಳು ಬೋರ್ಡನ್ನೇ ನೋಡುತ್ತ ಹೇಳಿದಳು. "ಅವತ್ತು ಮೋಟರ್ ಬಿಟ್ಟು ಎದ್ದು ನಿಮ್ಮ ಹತ್ರ ಬಂದಿದ್ದೆ ಅಪ್ಪ. ಯಾವ ತುದಿ ಯಾವುದಕ್ಕೆ ಅಂತ ಕೇಳೋಕೆ."

"ನನ್ನ ಹತ್ರ ಎಲ್ಲಿ ಬಂದಿದ್ದೆ?"

"ಬೆನ್ನ ಹಿಂದೆ ನಿಂತಿದ್ದೆ. ನೀವು ತಿರುಗಿದ್ರಿ. ನಿಮ್ಮ ಮುಖ ನೋಡ್ದೆ, ವಾಪಸ್ ಹೋಗಿ ಅಂದಾಜಿನ ಮೇಲೆ ಕಟ್ಟಿದೆ."

ಅಂಗಡಿಯ ಹೆಂಗಸು ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದಳು. ಹಿಂದೆ ಸಾಲಿನಲ್ಲಿ ನಿಂತಿದ್ದವನು ಫೋನಿನೊಳಗೆ ತಲೆ ಹಾಕಿದ. ಮೇಸ್ತ್ರಿಯ ನಾಲಿಗೆಯ ತುದಿಗೆ ಮಾತು ಬಂದು ನಿಂತಿತ್ತು. ಎಂಥ ಮಾತು ಎಂದು ಅವನಿಗೆ ಗೊತ್ತು. ಆಡಿದರೆ ಏನಾಗುತ್ತದೆ ಎಂಬುದೂ ಗೊತ್ತು. ಮೇಜಿನ ಅಂಚು ಹಿಡಿದಿದ್ದ ಅವನ ಸೊಟ್ಟ ಗೆಣ್ಣು ಬೆಳ್ಳಗಾಯಿತು. ಮಗಳು ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಕೈ ಎತ್ತಿರಲಿಲ್ಲ, ದನಿ ಏರಿಸಿರಲಿಲ್ಲ. ಆದರೂ ಸರಿದಳು.

ಆ ಹೆಜ್ಜೆಯನ್ನು ಅವನು ನೋಡಿದ. ನಾಲಿಗೆಯ ಮೇಲಿದ್ದುದನ್ನು ನುಂಗಿಕೊಂಡ. ಎಡಗಡೆಯ ಬೋರ್ಡನ್ನು ಅಂಗಡಿಯವಳ ಕಡೆಗೆ ಸರಿಸಿ, ಬಲಗಡೆಯದನ್ನು ತನ್ನ ಮುಂದಕ್ಕೆ ಎಳೆದುಕೊಂಡ. ಹಣೆಯ ಮೇಲಿದ್ದ ಕನ್ನಡಕ ಇಳಿಸಿ, ಸಾಲು ಪಿನ್ನುಗಳ ಮೇಲೆ ಬಗ್ಗಿದ. ಒಂದೇ ಥರದ ಪಿನ್ನುಗಳು, ಒಂದರ ಮೇಲೂ ಗುರುತಿಲ್ಲ. ಇಷ್ಟು ವರ್ಷ ತಾಮ್ರದ ಜೊತೆ ಬದುಕಿದವನಿಗೆ ಒಂದು ಪಿನ್ನಿನ ತಲೆಬುಡವೂ ತಿಳಿಯಲಿಲ್ಲ. ತಾನು ಯಾರನ್ನಾದರೂ ಏನಾದರೂ ಕೇಳಿ ಎಷ್ಟು ಕಾಲವಾಯಿತು ಎಂದು ಯೋಚಿಸಿದರೆ, ನೆನಪಿಗೆ ಬಂದದ್ದು ಆ ಮರದ ಸುತ್ತಿಗೆಯೊಂದೇ.

"ಇದ್ರಲ್ಲಿ..." ಎಂದು ಗಂಟಲು ಸರಿಮಾಡಿಕೊಂಡ. "ಇದ್ರಲ್ಲಿ ಕರೆಂಟು ಯಾವ ಪಿನ್ನಲ್ಲಿ ಬರುತ್ತೆ?"

ಹೇಳಲು ಬಾಯಿ ತೆರೆದ ಅಂಗಡಿಯ ಹೆಂಗಸು, ಅವನು ಕೇಳುತ್ತಿರುವುದು ತನ್ನನ್ನಲ್ಲ ಎಂದು ತಿಳಿದು ಮಗಳತ್ತ ತಿರುಗಿದಳು. ಮಗಳಿಗೆ ಉತ್ತರ ಗೊತ್ತಿತ್ತು. ಬೆರಳು ಆಗಲೇ ಪಿನ್ನಿನ ಹತ್ತಿರ ಹೋಗಿತ್ತು. ಆದರೆ ಹೇಳುವ ಮೊದಲು ಅವಳು ತಲೆಯೆತ್ತಿ, ಎಂದಿನ ಅಭ್ಯಾಸದಂತೆ, ಒಮ್ಮೆ ಅವನ ಮುಖ ನೋಡಿದಳು.