ಮಂತ್ರಿಗಳಿಗೆ ಊಟದ ಕರೆ

ಕೇಂದ್ರ ಸಾರಿಗೆ ಮಂತ್ರಿಗಳು ಜನರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಎಂಟು ಪಥದ ಹೆದ್ದಾರಿ, ಬುಲೆಟ್ ರೈಲು, ಹಾರುವ ಟ್ಯಾಕ್ಸಿ ಎಲ್ಲ ಮುಗಿದ ಮೇಲೆ ಹಿಂದಿನ ಸಾಲಿನಿಂದ ಅಜ್ಜಿ ಚಿಕ್ಕತಾಯಮ್ಮ ಎದ್ದು ನಿಂತರು.

"ನಿಮ್ಮೂರ ರಸ್ತೆ ವಿಷಯ ತಾನೇ, ತಾಯಿ?" ಮಂತ್ರಿಗಳು ಮೊದಲೇ ಜಾರಿಕೊಂಡರು. "ಅದು ಪಂಚಾಯಿತಿಗೆ ಸೇರಿದ್ದು. ರಾಷ್ಟ್ರೀಯ ನೀತೀಲಿ ಬರೋದಿಲ್ಲ."

"ರಸ್ತೆ ಯಾರ್ ಕೇಳಿದ್ರು ಸ್ವಾಮಿ? ಸೋಮವಾರ ನಮ್ಮನೆಗೆ ಊಟಕ್ಕೆ ಬನ್ನಿ. ಮುದ್ದೆ, ಉಪ್ಸಾರು ಮಾಡಿರ್ತೀನಿ."

ಮಂತ್ರಿಗಳ ಕಣ್ಣು ಒದ್ದೆಯಾಯಿತು. ಇಡೀ ಸಭೆಯಲ್ಲಿ ಏನನ್ನೂ ಬೇಡದವರು ಇವರೊಬ್ಬರೇ. "ಬಂದೇ ಬರ್ತೀನಿ!" ಎಂದು ಮೈಕಿನಲ್ಲೇ ಘೋಷಿಸಿಬಿಟ್ಟರು.

ಮರುದಿನವೇ ಅಜ್ಜಿಯ ಊರಿಗೆ ಜಲ್ಲಿ ಬಂತು, ಡಾಂಬರು ಬಂತು, ರೋಲರ್ ಬಂತು. ಹತ್ತು ವರ್ಷದಿಂದ ಮೊಣಕಾಲುದ್ದ ಗುಂಡಿ ಬಿದ್ದಿದ್ದ ಬೀದಿ ಭಾನುವಾರ ಸಂಜೆಯ ಹೊತ್ತಿಗೆ ಕಪ್ಪಗೆ ಹೊಳೆಯುತ್ತಿತ್ತು.

ಸೋಮವಾರ ಬೆಳಿಗ್ಗೆ ಮಂತ್ರಿಗಳ ಆಪ್ತ ಕಾರ್ಯದರ್ಶಿ ಫೋನು ಮಾಡಿದ. "ಅಮ್ಮಾ, ಸಾಹೇಬ್ರು ಹೊರಡ್ತಿದ್ದಾರೆ. ಊಟ ರೆಡಿ ಇದೆಯಾ?"

"ಇವತ್ತು ಒಲೇನೇ ಹಚ್ಚಿಲ್ಲ ಕಣಪ್ಪ," ಎಂದರು ಚಿಕ್ಕತಾಯಮ್ಮ. "ಮುಂದಿನ ಸೋಮವಾರ ಬರೋಕೆ ಹೇಳು. ಈ ದಾರಿ ಬೇಡ, ಕೆರೆ ಕಡೆ ದಾರೀಲಿ ಬರ್ಲಿ."