ಐದನೇ ಪುಟ

ಯುದ್ಧ ಶುರುವಾದ ಮೇಲೆ ಪತ್ರಿಕೆಯ ಪ್ರತಿ ಪುಟಕ್ಕೂ ಅಚ್ಚಿಗೆ ಹೋಗುವ ಮುನ್ನ ಸರ್ಕಾರಿ ಅಧಿಕಾರಿಯ ಮೊಹರು ಬೀಳಬೇಕಿತ್ತು. ಆ ಸಂಜೆ ಅಧಿಕಾರಿ ಮೊದಲ ಪುಟದಲ್ಲೇ ತಡೆದು ನಿಂತ.

“ಮದ್ದುಗುಂಡು ಕಾರ್ಖಾನೆ ಸ್ಫೋಟ, ಹದಿನೇಳು ಸಾವು! ಏನ್ ಮೇಡಂ ಇದು? ಯಾರೂ ಸತ್ತಿಲ್ಲ ಅಂತ ಪ್ರಕಟಣೆ ಕೊಟ್ಟಿದ್ದೀವಲ್ಲ?”

“ಶವಾಗಾರದಲ್ಲಿ ನಾನೇ ನಿಂತು ಎಣಿಸಿದ್ದೀನಿ, ಸಾರ್,” ಎಂದಳು ಸಂಪಾದಕಿ ನೀಲಾಂಬಿಕೆ.

“ಎಣಿಸಿ, ಬೇಡ ಅಂದೋರು ಯಾರು? ಅಚ್ಚು ಹಾಕಿದ್ರೆ ಮಾತ್ರ ಸುಳ್ಳು ಸುದ್ದಿ ಕಾಯ್ದೆ, ಮೂರು ವರ್ಷ. ಆಮೇಲೆ ಜೈಲಲ್ಲಿ ಕೂತು ಕಂಬೀನೂ ಎಣಿಸಬಹುದು.”

ನೀಲಾಂಬಿಕೆ ಅವನ ಕಣ್ಣೆದುರೇ ಸುದ್ದಿಯನ್ನು ತೆಗೆದು, ಆ ಜಾಗಕ್ಕೆ ಹವಾಮಾನ ವರದಿ ತುಂಬಿಸಿದಳು. ಅಧಿಕಾರಿ ಮೊಹರು ಒತ್ತಿದ. ಮುಂದಿನ ಮೂರು ಪುಟಗಳನ್ನೂ ಸಾಲು ಬಿಡದೆ ಓದಿದ. ಐದನೆಯದು ಬರುವಷ್ಟರಲ್ಲಿ ಅವನ ಕಣ್ಣುಗಳು ಸೋತಿದ್ದವು.

“ಇದರಲ್ಲೂ ಸುದ್ದಿ ಇದೆಯಾ?”

“ಒಂದಕ್ಷರವೂ ಇಲ್ಲ, ಸಾರ್. ಬರೀ ಶ್ರದ್ಧಾಂಜಲಿ ಜಾಹೀರಾತು. ಮನೆಯವರೇ ತಂದುಕೊಟ್ಟಿದ್ದು.”

ಅವನು ಓದುವ ಗೋಜಿಗೆ ಹೋಗದೆ ಮೊಹರು ಒತ್ತಿ ಎದ್ದ.

ಮರುದಿನ ಐದನೇ ಪುಟದಲ್ಲಿ ಹದಿನೇಳು ಭಾವಚಿತ್ರಗಳಿದ್ದವು. ಎಲ್ಲದರ ಕೆಳಗೂ ಮರಣದ ದಿನಾಂಕ ಒಂದೇ, ಸ್ಥಳವೂ ಒಂದೇ: ಮದ್ದುಗುಂಡು ಕಾರ್ಖಾನೆ.