ಪೈಲ್ವಾನನ ಬದಾಮಿ

ಕಾಶಿಬಾಯಿ ಬದಾಮಿ ಅರೆಯುವ ಕಲ್ಲಿನ ಮೇಲೆ ಶೇಂಗಾ ಅರೆಯುತ್ತಿದ್ದಳು. ಜ್ವರದಿಂದ ಎದ್ದ ಮಗಳು ರೇಣುಕವ್ವ, ಅಪ್ಪನಿಗೆಂದು ನೆನೆಸಿಟ್ಟಿದ್ದ ಬದಾಮಿಯನ್ನೆಲ್ಲ ಹಸಿವಿಗೆ ತಿಂದುಬಿಟ್ಟಿದ್ದಳು. ಯುದ್ಧದ ಕಾಲ, ಬದಾಮಿ ಸಿಗುವುದೇ ಕಷ್ಟ; ವಿಜಾಪುರದ ಪೇಟೆಯಿಂದ ತಂದದ್ದನ್ನು ಗಂಡ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ದಿನಕ್ಕೊಂದು ಹಿಡಿಯಷ್ಟೇ ಕೊಡುತ್ತಿದ್ದ. ಅವನಿಗೆ ಗೊತ್ತಾದರೆ ಮೊದಲ ಏಟು ಕೂಸಿನ ಬೆನ್ನಿಗೇ.

ಪಡಸಾಲೆಯಲ್ಲಿ ಗಂಡ ಅಮರಪ್ಪ ಪೈಲ್ವಾನ ಎಣ್ಣೆ ಹಚ್ಚಿದ ಹೊಟ್ಟೆ ತಿಕ್ಕಿಕೊಳ್ಳುತ್ತ, ಗೆಳೆಯ ಗುರಲಿಂಗಪ್ಪನಿಗೆ ಊರೂರಿನ ಪೈಲ್ವಾನರ ಯೋಗ್ಯತೆ ಹೇಳುತ್ತಿದ್ದ.

"ಬಬಲೇಶ್ವರದಾಂವಂದು ಬರೇ ಹೆಸರ ದೊಡ್ಡದಲೇ. ಮೈಯಾಗ ಕಸುವಿಲ್ಲ," ಎಂದು ಅಂಗಳಕ್ಕೆ ಉಗುಳಿದ.

"ಮತ್ತ ನಿನ್ನ ಚಿತ್ ಮಾಡಿದ ಆ ಕಳ್ಳಕವಟಗಿ ಊರಿನ ಹುಡುಗ? ಅವನ್ನ ಯಾರೂ ಲೆಕ್ಕಕ್ಕ ಹಿಡಿದಿದ್ದಿಲ್ಲ," ಗುರಲಿಂಗಪ್ಪ ಮೀಸೆಯಲ್ಲೇ ನಕ್ಕ.

"ರೊಟ್ಟಿ-ಖಾರ ತಿನ್ನಾಂವ ಅಂವ. ನನ್ನ ಕಾಲ ಜಾರಿತ್ತು. ಅಸಲಿ ಯಾವುದು, ನಕಲಿ ಯಾವುದು, ನನ್ನ ಕೇಳು."

ಕಾಶಿಬಾಯಿ ಅರೆದ ಶೇಂಗಾ ಕಲಸಿದ ಹಾಲಿನ ತಂಬಿಗೆಯನ್ನು ಗಂಡನಿಗೆ ಕೊಟ್ಟು, ಮಗಳು ಮಲಗಿದ್ದ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. ಅವನು ಗಟಗಟ ಕುಡಿದ. ಹಾಲು ಮೀಸೆಯಿಂದ ಎದೆಗಿಳಿಯಿತು. ದೊಡ್ಡದಾಗಿ ತೇಗಿ, ಹಗ್ಗದ ಮೇಲೆ ಒಣಹಾಕಿದ್ದ ಅವಳ ಮಡಿ ಸೀರೆಯ ಸೆರಗಿಗೆ ಬಾಯಿ ಒರೆಸಿಕೊಂಡ.

"ನೋಡಲೇ, ಅಸಲಿ ಬದಾಮಿ ಅಂದ್ರ ಇದು. ಕುಡದ ಕೂಡ್ಲೇ ರಟ್ಟಿಗೆ ಕಸುವು ಇಳಿತೈತಿ."

ಕಾಶಿಬಾಯಿ ಖಾಲಿ ತಂಬಿಗೆ ಎತ್ತಿಕೊಂಡಳು. ಇಷ್ಟು ವರ್ಷ ತಾನು ಹೆದರಿದ್ದು ಈ ನಾಲಗೆಗೋ?

ಅಮರಪ್ಪ ಎದ್ದು ಪೆಟ್ಟಿಗೆಯ ಬೀಗ ತೆಗೆದು ಒಂದು ಹಿಡಿ ಬದಾಮಿ ಅವಳ ಕೈಗೆ ಹಾಕಿದ. "ನಾಳಿಗಿ ನೆನಿಹಾಕು."

"ಹೂಂನ್ರಿ," ಎಂದಳು. ಒಳಗೆ ಹೋಗಿ ಅದನ್ನು ಮಗಳ ಬಟ್ಟಲಿಗೆ ಸುರಿದು ನೀರು ಹಾಕಿದಳು. ಗಂಡನ ಬಟ್ಟಲಿಗೆ ಶೇಂಗಾ ತುಂಬಿದಳು.